ಮಗ್ಗ ನಡೆಯುವ ದಿನ ನೋಡಿದ ಮನೆ

ಎತ್ತು ಕೊಳ್ಳುವಾಗ ಅದರ ಬಾಯಿ ತೆರೆಸಿ ಹಲ್ಲು ನೋಡುವ ಜನ, ಬದನೆಕಾಯಿ ಕೊಳ್ಳುವಾಗ ತಿರುವಿ ತಿರುವಿ ತೂತು ಹುಡುಕುವ ಜನ, ಮಗಳಿಗೆ ಗಂಡು ನೋಡುವಾಗ ಅವನ ಸೋದರಮಾವನ ಊರಿಗೂ ಹೋಗಿ ವಿಚಾರಿಸಿ ಬರುವ ಜನ, ಮನೆ ಕೊಳ್ಳುವಾಗ ಮಾತ್ರ ಯಾಕೆ ಕುರುಡರಾಗುತ್ತಾರೋ ದೇವರಿಗೇ ಗೊತ್ತು. ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ. ಕಟ್ಟೆಯ ಮೇಲೆ ಕುಳಿತು ಅರ್ಧ ಕಪ್ ಚಹಾ ಕುಡಿಯುತ್ತಾರೆ. ಬಾಯಿಗೆ ಸಕ್ಕರೆ ಹಾಕಿಕೊಂಡು, ಮಾತು ಮುಗಿಯಿತೆಂದು ಎದ್ದು ಬರುತ್ತಾರೆ.

ಬನಹಟ್ಟಿಯ ಮುರಗೆಪ್ಪನೂ ಮಾಡಿದ್ದು ಇದನ್ನೇ.

ಐವತ್ತು ದಾಟಿದ ಮನುಷ್ಯ. ಬಾಡಿಗೆಯ ಶೆಡ್ಡಿನಲ್ಲಿ ನಾಲ್ಕು ಪಾವರ್‌ಲೂಮು ಇಟ್ಟುಕೊಂಡು ಸೀರೆ ನೇಯುತ್ತಿದ್ದ. ಇರುವ ಮನೆಯೂ ಬಾಡಿಗೆಯದೇ. ಹುಟ್ಟಿದ್ದು ಬಾಡಿಗೆ ಮನೆಯಲ್ಲಿ, ಮದುವೆಯಾದದ್ದು ಬಾಡಿಗೆ ಮನೆಯಲ್ಲಿ. ಅಪ್ಪನ ಫೋಟೊ ತೂಗುಹಾಕಲು ಒಂದು ಮೊಳೆ ಹೊಡೆಯಬೇಕೆಂದರೂ ಮನೆ ಮಾಲೀಕನ ಮುಖ ನೋಡಬೇಕು. ಒಮ್ಮೆ ಕೇಳದೆ ಹೊಡೆದದ್ದಕ್ಕೆ ಮಾಲೀಕನ ಹೆಂಡತಿ ಓಣಿ ತುಂಬ ಹೇಳಿಕೊಂಡು ತಿರುಗಿದ್ದಳು. ಅಂದಿನಿಂದ ಆ ಫೋಟೊ ಟ್ರಂಕಿನ ಮೇಲೆ ಗೋಡೆಗೆ ಒರಗಿ ನಿಂತಿತ್ತು. ಮಗ್ಗದ ಮುಂದೆ ಅಷ್ಟು ವರ್ಷ ನಿಂತು ಗಂಡ ಹೆಂಡತಿ ಗಂಟು ಕಟ್ಟಿಟ್ಟ ಹಣವೆಲ್ಲ ಈಗ ಒಂದು ಮನೆಗೆ ಹೋಗುವುದಿತ್ತು. ಅದು ಕೆಟ್ಟರೆ ಇನ್ನೊಂದು ಮನೆ ಈ ಜನ್ಮಕ್ಕಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಮನೆ ರಬಕವಿಯ ಪಾರ್ಶ್ವನಾಥನದು. ಅವನು ಸೀರೆ ವ್ಯಾಪಾರಿ, ಮುರಗೆಪ್ಪನ ಜೊತೆ ಸಾಲೆಗೆ ಹೋದವನು. ಮುರಗೆಪ್ಪ ನೇಯ್ದ ಸೀರೆಗಳೆಲ್ಲ ಅವನ ಅಂಗಡಿಗೇ ಹೋಗುತ್ತಿದ್ದವು. ಬನಹಟ್ಟಿಯ ಹಳೆಯ ನೇಕಾರರ ಓಣಿಯಲ್ಲಿ ಅವನೊಂದು ಮನೆ ಕೊಂಡಿದ್ದ. ಕಲ್ಲು ಮಣ್ಣಿನ ಹಳೆ ಗೋಡೆಯ ಮೇಲೆ ಹೊಸ ಸ್ಲ್ಯಾಬು ಹಾಕಿಸಿ, ಒಳಗೆಲ್ಲ ಟೈಲ್ಸ್ ಕೂಡಿಸಿ, ಗಿಳಿಹಸಿರು ಬಣ್ಣ ಹಚ್ಚಿಸಿದ್ದ. ಈಗ ಮಗಳಿಗಾಗಿ ಜಮಖಂಡಿಯಲ್ಲಿ ಮನೆ ಹುಡುಕುತ್ತಿದ್ದುದರಿಂದ ಇದನ್ನು ಮಾರಲು ತೆಗೆದಿದ್ದ.

ಮುರಗೆಪ್ಪ ಎರಡು ಸಲ ಹೋಗಿ ನೋಡಿದ. ಎರಡೂ ಸಲ ಅಮಾವಾಸ್ಯೆಯ ದಿನ. ಆ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಮಗ್ಗ ನಿಂತರೆ ಮಾತ್ರ ಮುರಗೆಪ್ಪನಿಗೆ ಬಿಡುವು. ಹೊಸ ಅಡುಗೆಮನೆಯಲ್ಲಿ ನಿಂತು ಅವನು ಹೆಂಡತಿಗೆ ಹೇಳಿದ್ದು ಒಂದೇ ಮಾತು.

"ಎಷ್ಟ ಶಾಂತ ಐತಿ ನೋಡ ಕಸ್ತೂರಿ! ಗುಡಿಯಾಗ ನಿಂತಂಗ ಆಗತೈತಿ."

ಅಡುಗೆಮನೆಯ ಗೋಡೆಯ ಆಚೆಗೆ ನೆರೆಯ ಭೀಮಶಿಯ ಮಗ್ಗದ ಶೆಡ್ಡು ಇತ್ತು. ಅದಕ್ಕೂ ಅಂದು ರಜೆಯೇ ತಾನೆ? ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದವನಿಗೆ ಅದು ಹೊಳೆಯಲಿಲ್ಲ. ಮಠದ ಅಯ್ಯನವರು ಬಂದು ಬಾಗಿಲು ಛಲೋ ಇದೆ ಎಂದರು. ಪಾರ್ಶ್ವನಾಥ ಸಕ್ಕರೆ ಕೊಟ್ಟ, ಮುರಗೆಪ್ಪ ತಿಂದ. ಮುಂದಿನ ವಾರ ಸಂಚಕಾರದ ಮುಂಗಡ ಹಣ ಕೊಟ್ಟು ಕಾಗದ ಮಾಡುವುದೊಂದೇ ಉಳಿಯಿತು.

ಅಂದು ಸಂಜೆ ಕಸ್ತೂರೆವ್ವ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ ಅಂದಳು.

"ಸಕ್ಕರಿ ನೀವು ತಿಂದೀರಿ. ನಾ ತಿಂದಿಲ್ಲ."

"ಅಂದ್ರ?"

"ಆ ಮನಿ ಯಾರರೆ ತಿಳದವ್ರು ಒಮ್ಮೆ ನೋಡ್ಲಿ ಅಂತೇನಿ. ಶೈಲಾನ ಮನಿ ನೋಡಿ ಬಂದಾಗಿಂದ ನನಗ ಮನಿ ಅಂದ್ರ ಅಂಜಿಕಿ ಆಗೇತಿ."

ಶೈಲಾ ಅವಳ ತಂಗಿ, ಮುಧೋಳದಲ್ಲಿದ್ದಳು. ಹೋದ ವರ್ಷ ಅವಳೂ ಅವಳ ಗಂಡನೂ ಊರ ಹೊರಗಿನ ಹೊಸ ಪ್ಲಾಟಿನಲ್ಲಿ ಮನೆ ಕೊಂಡಿದ್ದರು. ಅದು ಕಬ್ಬು ಬೆಳೆಯುತ್ತಿದ್ದ ಎರೆ ಭೂಮಿ. ಬೇಸಿಗೆಯಲ್ಲಿ ಬಿರಿಯುವ, ಮಳೆಗಾಲದಲ್ಲಿ ಉಬ್ಬುವ ಮಣ್ಣು. ಪಾಯ ಆಳಕ್ಕೆ ಹೋಗಿರಲಿಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಗೋಡೆ ಬಾಯಿ ಬಿಟ್ಟಿತು. ಮಲಗುವ ಕೋಣೆಯ ಬಾಗಿಲು ಹಾಕಲು ಈಗ ಗಂಡ ಹೆಂಡತಿ ಇಬ್ಬರೂ ಕೂಡಿ ನೂಕಬೇಕು. ಆಮೇಲೆ ಅವರು ಮುಧೋಳದ ಸುಪ್ರೀತಾ ಎಂಬ ಇಂಜಿನಿಯರ್ ಹುಡುಗಿಯನ್ನು ಕರೆಸಿ ತೋರಿಸಿದರು. ಮನೆ ತಪಾಸ ಮಾಡುವುದೇ ಅವಳ ಕೆಲಸ. ಅವಳು ಹೇಳಿದ್ದು ಇಷ್ಟೇ. "ತೊಗೊಳ್ಳೂಕಿಂತ ಮೊದಲ ಕರದಿದ್ರ ಬ್ಯಾಡ ಅಂತಿದ್ದೆ ಅಕ್ಕಾರ. ಈಗ ಏನ ಹೇಳ್ಲಿ?"

"ಆ ಹುಡುಗೀನ ಕರಸೂಣು," ಅಂದಳು ಕಸ್ತೂರೆವ್ವ.

ಮುರಗೆಪ್ಪನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದೇ. ಮುಂದಿದ್ದ ತಾಟು ಸರಿಸಿದ.

"ಪಾರ್ಶ್ವನಾಥನ ಮನಿ ತಪಾಸ ಮಾಡಸ್ಲಿ? ಪೊಲೀಸರನ್ನ ಕರಕೊಂಡ ಹೋಗಿ ನಿಲ್ಲಸ್ಲಿ?"

"ಪೊಲೀಸರ ಅಲ್ರಿ, ಇಂಜಿನಿಯರ್."

"ಎರಡೂ ಒಂದ! ಯಾರ ಬಂದ್ರೂ ಮನಿ ಮರ್ಯಾದಿ ಉಳಿಯಂಗಿಲ್ಲ. ನಾಕ ಮಂದಿ ಮುಂದ ಸಕ್ಕರಿ ತಿಂದೇನಿ. ಈಗ ನಿನ್ನ ಮ್ಯಾಲ ನನಗ ನಂಬಿಕಿ ಇಲ್ಲ ಅಂತ ಅವಂಗ ಹೇಳ್ಲೇನು?"

ಕಸ್ತೂರೆವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿದಳು. ಅವಳು ಸಿಟ್ಟಾಗುವ ಹೆಂಗಸಲ್ಲ. ಸಿಟ್ಟಾಗಿದ್ದರೆ ಅವನಿಗೂ ಸುಲಭವಿತ್ತು.

"ಅವ್ರ ಮ್ಯಾಲ ನನಗ ನಂಬಿಕಿ ಐತ್ರಿ. ಗ್ವಾಡಿ ಮ್ಯಾಲ ಇಲ್ಲ. ನೀವು ಬೇಕಾದ್ರ ತೊಗೋರಿ. ಆ ಹುಡುಗಿ ನೋಡೂತನಕ ನಾ ಅಂತೂ ಅಲ್ಲಿ ಹಾಲ ಉಕ್ಕಸೂದಿಲ್ಲ."

ಹೊಸ ಮನೆಯಲ್ಲಿ ಹಾಲು ಉಕ್ಕದೆ ಸಂಸಾರ ಹೂಡುವುದುಂಟೇ? ಮುರಗೆಪ್ಪ ತಾಟು ಮತ್ತೆ ಎಳೆದುಕೊಂಡ. ಊಟ ಮಾಡಿದ.

ಎರಡು ದಿನದ ಮೇಲೆ ಸೀರೆಯ ಗಂಟು ಹೊತ್ತು ರಬಕವಿಗೆ ಹೋದ. ಪಾರ್ಶ್ವನಾಥ ಗಾದಿಯ ಮೇಲೆ ಕುಳಿತಿದ್ದ. ದಪ್ಪ ಕನ್ನಡಕ, ಬಿಳಿ ಅಂಗಿ, ಸಣ್ಣ ನಗು.

"ಬಾರಲೆ ಮುರಗ್ಯಾ. ಮನಿ ಮಾಲಕ ಆಗಾಕತ್ತಿ, ಮಾರೀ ಮ್ಯಾಲ ಕಳಾ ಇಲ್ಲಲ್ಲ?"

"ಬಿಸಲು," ಅಂದ ಮುರಗೆಪ್ಪ.

ಪಾರ್ಶ್ವನಾಥ ಗಂಟು ಬಿಚ್ಚಿದ. ಒಂದೊಂದೇ ಸೀರೆ ತೆಗೆದು ಬಾಗಿಲ ಬೆಳಕಿಗೆ ಹಿಡಿದ. ಒಡಲು ನೋಡಿದ, ಅಂಚು ನೋಡಿದ, ಸೆರಗು ತಿರುವಿ ನೋಡಿದ. ಯಾವತ್ತೂ ಮಾಡುವ ಕೆಲಸವೇ. ಒಂದು ಸೀರೆಯ ನಡುವೆ ಅವನ ಬೆರಳು ನಿಂತಿತು.

"ಇಲ್ಲಿ ಹೊಕ್ಕಿನ ಎಳಿ ಒಂದ ಜಿಗದೈತಿ ನೋಡ. ಇದು ಬ್ಯಾಡ. ಬ್ಯಾಸರ ಮಾಡಕೋಬ್ಯಾಡ ಮತ್ತ."

"ಬ್ಯಾಸರ ಯಾಕ? ತಪ್ಪ ಐತಿ, ತಗದಿ."

ಹೇಳಿದ ಮೇಲೆ ಮುರಗೆಪ್ಪನಿಗೆ ತನ್ನ ಮಾತು ತನಗೇ ಕೇಳಿಸಿತು. ಇಷ್ಟು ವರ್ಷ ಈ ಗೆಳೆಯ ತನ್ನ ಒಂದು ಸೀರೆಯನ್ನಾದರೂ ಬೆಳಕಿಗೆ ಹಿಡಿಯದೆ ಕೊಂಡಿದ್ದಾನೆಯೇ? ಮಗನ ಮದುವೆಯ ಊಟಕ್ಕೆ ಪಕ್ಕದಲ್ಲೇ ಕೂಡಿಸಿಕೊಂಡವನು, ಮರುದಿನ ಸೀರೆ ತಂದರೆ ಅದನ್ನೂ ಹೀಗೇ ಹಿಡಿದು ನೋಡಿದ್ದ. ಒಮ್ಮೆಯೂ ತನಗೆ ಅವಮಾನವೆನಿಸಿರಲಿಲ್ಲ.

"ಪಾರೀಸ, ಒಂದ ಮಾತು," ಅಂದ. "ನೀ ಸೀರಿ ನೋಡಿದಂಗ ನಿನ್ನ ಮನಿ ಯಾರರೆ ನೋಡಬೇಕು ಅಂತಾಳ ನನ್ನ ಹೆಂಡತಿ. ಮುಧೋಳದಿಂದ ಇಂಜಿನಿಯರ್ ಬರತಾಳ."

ಪಾರ್ಶ್ವನಾಥನ ನಗು ಹೋಯಿತು. "ಸಕ್ಕರಿ ತಿಂದ ಮ್ಯಾಲ?"

"ಸಕ್ಕರಿ ತಿಂದ ಮ್ಯಾಲ."

"ನಾ ನಿನಗ ಮೋಸ ಮಾಡ್ತೇನಿ? ಮಂದಿ ಏನಂದಾರು? ಪಾರ್ಶ್ವನಾಥನ ಮನಿ ತಪಾಸಕ್ಕ ಬಿತ್ತು ಅನ್ನೂದಿಲ್ಲ? ಬ್ಯಾಡ ಆಗಿದ್ರ ಬ್ಯಾಡ ಅನ್ನು, ತಗೊಳ್ಳಾಕ ಬೇಕಾದಷ್ಟ ಮಂದಿ ಅದಾರ!" ಎಂದು ಅವನು ಕೈ ಮೇಲೆತ್ತಿದ. ಕೈಯಲ್ಲಿ ಆ ಸೀರೆ ಇನ್ನೂ ಇತ್ತು. ಎಳೆ ಜಿಗಿದ ಜಾಗ ಬೆಳಕಿಗೆ ಸಣ್ಣ ಗೀರಿನಂತೆ ಹೊಳೆಯಿತು.

ಮುರಗೆಪ್ಪ ಆ ಸೀರೆಯನ್ನು ನೋಡಿದ. ಪಾರ್ಶ್ವನಾಥನೂ ನೋಡಿದ. ಆಮೇಲೆ ಪಾರ್ಶ್ವನಾಥ ಸೀರೆ ಮಡಚಿ ಪಕ್ಕಕ್ಕಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡ.

"ಕರಕೊಂಡ ಬಾ ಹೋಗ. ನಾನೂ ಇರ್ತೇನಿ. ನನ್ನ ಮನ್ಯಾಗ ಒಂದ ಎಳಿ ತಪ್ಪ ಸಿಕ್ರ ನಾ ಪಾರ್ಶ್ವನಾಥನ ಅಲ್ಲ."

ಸುಪ್ರೀತಾಳಿಗೆ ಫೋನು ಹಚ್ಚಿದ್ದು ಕಸ್ತೂರೆವ್ವ. ಅಮಾವಾಸ್ಯೆಗೆ ಬಾ, ಎಲ್ಲರಿಗೂ ಬಿಡುವು ಎಂದು ಮುರಗೆಪ್ಪ ಪಕ್ಕದಿಂದ ಕೂಗಿದ. ಆಚೆಯಿಂದ ಹುಡುಗಿ ಕೇಳಿದಳು, "ಬಾಜೂಕ ಏನೇನ ಐತ್ರಿ ಕಾಕು?"

"ಮಗ್ಗದ ಶೆಡ್ ಐತವಾ."

"ಹಂಗಾರ ಮಗ್ಗ ನಡಿಯೂ ದಿನ ಬರ್ತೇನ್ರಿ. ಹೊಲ ನೋಡೂದಿದ್ರ ಮಳ್ಯಾಗ ನೋಡಬೇಕು, ಮನಿ ನೋಡೂದಿದ್ರ ಗದ್ದಲದಾಗ ನೋಡಬೇಕು."

ಹೇಳಿದ ದಿನ ಬೆಳಿಗ್ಗೆ ಅವಳು ಸ್ಕೂಟಿಯ ಮೇಲೆ ಬಂದಳು. ಬೆನ್ನಿಗೊಂದು ಚೀಲ, ಅದರಲ್ಲಿ ಟಾರ್ಚು, ಟೇಪು, ಗುಂಡು ತುದಿಯ ಒಂದು ಕಬ್ಬಿಣದ ಕೋಲು. ಪಾರ್ಶ್ವನಾಥ ಕಟ್ಟೆಯ ಮೇಲೆ ಕಾಯುತ್ತಿದ್ದ.

"ಯಾರ ಪೈಕಿ ಆದಿ ತಂಗಿ ನೀ?"

"ನಮ್ಮ ಮುತ್ಯಾ ತೇರದಾಳದವ್ರು ರೀ."

"ತೇರದಾಳ? ನಮ್ಮ ಬಳಗ ಪೂರಾ ಅಲ್ಲೇ ಐತಿ. ಹಂಗಾರ ನಮ್ಮಾಕಿನ ಆದಿ ಬಿಡು!" ಎಂದು ಪಾರ್ಶ್ವನಾಥ ಅರಳಿದ.

"ನಿಮ್ಮಾಕಿನ ರೀ ಕಾಕಾ. ಆದ್ರ ನಿಮ್ಮ ಮನಿ ಕೂಡ ನನಗ ಬಳಗ ಇಲ್ಲ," ಎಂದು ನಕ್ಕು ಹುಡುಗಿ ಮೇಲೆ ಸ್ಲ್ಯಾಬಿಗೆ ಹತ್ತಿದಳು. ಮುರಗೆಪ್ಪ ಮೀಸೆಯಲ್ಲೇ ನಕ್ಕ.

ಸ್ಲ್ಯಾಬಿನ ಮೇಲೆ ನೀರು ಎತ್ತ ಹರಿಯುತ್ತದೆಂದು ನೋಡಿದಳು. ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕಿ ತೆಗೆದಳು. ಬಚ್ಚಲಿಗೆ ಎರಡು ಬಕೆಟ್ ನೀರು ಸುರಿಸಿ, ಅದು ಹೋಗುವುದನ್ನು ಕುಕ್ಕರುಗಾಲಲ್ಲಿ ಕುಳಿತು ಕಾದಳು. ಮುಂದಿನ ಕೋಣೆ ಛಲೋ ಇದೆ ಎಂದಳು, ಮೇಲಿನ ಟಾಕಿ ಛಲೋ ಇದೆ ಎಂದಳು. ಪಾರ್ಶ್ವನಾಥ ಪ್ರತಿ ಸಲವೂ ಮುರಗೆಪ್ಪನ ಕಡೆ ನೋಡಿ ಹುಬ್ಬು ಹಾರಿಸಿದ.

ಕಡೆಗೆ ಎಲ್ಲರೂ ಅಡುಗೆಮನೆಗೆ ಬಂದರು. ಗೋಡೆಯಾಚೆ ಭೀಮಶಿಯ ಮಗ್ಗಗಳು ಖಡಲ್ ಖಡಲ್ ಎಂದು ಓಡುತ್ತಿದ್ದವು. ಎರಡು ಸಲ ಗುಡಿಯಂತೆ ಶಾಂತವಾಗಿದ್ದ ಕೋಣೆ ಇದೇ.

"ಕಾಕು, ಒಂದ ತಾಟಿನಾಗ ನೀರ ಕೊಡ್ರಿ."

ಪಕ್ಕದ ಮನೆಯಿಂದ ಕಸ್ತೂರೆವ್ವ ನೀರು ತುಂಬಿದ ತಾಟು ತಂದಳು. ಹುಡುಗಿ ಅದನ್ನು ಬಾಗಿಲ ಹತ್ತಿರ ನೆಲಕ್ಕಿಟ್ಟಳು. ನೀರು ಅಲುಗಿಯೂ ಅಲುಗದಂತೆ ಇತ್ತು. ತಾಟನ್ನು ಹಿತ್ತಲ ಕಡೆಯ ಕಿಟಕಿಯ ಕೆಳಗೆ, ಶೆಡ್ಡಿನ ಗೋಡೆ ಕೂಡುವ ಮೂಲೆಗೆ ಸರಿಸಿದಳು. ನೀರಿನ ಮೈ ಪೂರಾ ಜುಮ್ಮೆಂದಿತು. ಮಗ್ಗದ ಒಂದೊಂದು ಏಟಿಗೂ ಒಂದೊಂದು ಅಲೆಯ ಬಳೆ ಎದ್ದು ತಾಟಿನ ಅಂಚಿಗೆ ಬಡಿಯುತ್ತಿತ್ತು.

ಹುಡುಗಿ ಕೋಲಿನ ಗುಂಡು ತುದಿಯಿಂದ ಟೈಲ್ಸನ್ನು ಕುಟ್ಟುತ್ತಾ ಬಂದಳು. ಟಕ್, ಟಕ್, ಟಕ್. ಕಿಟಕಿಯ ಕೆಳಗೆ ಬಂದಾಗ ಸದ್ದು ಬದಲಾಯಿತು. ದಬ್, ದಬ್. ಖಾಲಿ ಡಬ್ಬಿಯ ಸದ್ದು. ಎಲ್ಲಿ ಸದ್ದು ಬದಲಾಗುತ್ತದೋ ಅಲ್ಲಿ ಬಳಪದಿಂದ ಗೀರು ಎಳೆದಳು. ಎಳೆದು ಮುಗಿದಾಗ ನೆಲದ ಮೇಲೊಂದು ಉದ್ದನೆಯ ಚೌಕ ಮೂಡಿತ್ತು.

"ಇದರ ಕೆಳಗ ಪೊಳ್ಳ ಐತ್ರಿ. ಏನಂತ ನನಗ ತಿಳಿವಲ್ತು. ನೀರಿನ ಟಾಕಿ ಏನರೆ ಇತ್ತೇನ್ರಿ ಇಲ್ಲಿ?"

ಪಾರ್ಶ್ವನಾಥ ತಲೆಯಲ್ಲಾಡಿಸಿದ. "ನಾ ತಗೊಂಡಾಗ ಬರೇ ಮಣ್ಣಿನ ನೆಲ ಇತ್ತವಾ. ಮ್ಯಾಲ ಟೈಲ್ಸ್ ಹಾಕಿಸಿದೆ, ಅಷ್ಟ."

ಮುರಗೆಪ್ಪ ಆ ಚೌಕವನ್ನೇ ನೋಡುತ್ತಿದ್ದ. ಆಮೇಲೆ ಕಿಟಕಿಯನ್ನು ನೋಡಿದ. ಕಿಟಕಿಯ ಬೆಳಕು ನೆಟ್ಟಗೆ ಬಂದು ಚೌಕದ ಮೇಲೆ ಬಿದ್ದಿತ್ತು. ಯಾಕೆ ಬೀಳಬಾರದು? ಅಲ್ಲಿ ಬೀಳಲೆಂದೇ ಆ ಕಿಟಕಿಯನ್ನು ಅಲ್ಲಿ ಇಟ್ಟಿದ್ದರು.

"ಕುಣಿ," ಅಂದ ಅವನು. "ಮಗ್ಗದ ಕುಣಿ!"

ಹುಡುಗಿಗೆ ಅರ್ಥವಾಗಲಿಲ್ಲ. ಅವಳು ಕಬ್ಬಿನ ಸೀಮೆಯಲ್ಲಿ ಬೆಳೆದವಳು. ಮುರಗೆಪ್ಪ ಚೌಕದ ಅಂಚಿಗೆ ನೆಲದ ಮೇಲೆ ಕುಳಿತು, ಕಾಲು ಇಳಿಬಿಟ್ಟವನಂತೆ ಮಾಡಿ ತೋರಿಸಿದ.

"ಪಾವರ್‌ಲೂಮ್ ಬರೂ ಮೊದಲ ಕೈಮಗ್ಗ ಇದ್ದವಲ್ಲವಾ, ಆಗ ನೆಲದಾಗ ಕುಣಿ ತೋಡಿ, ಅದರಾಗ ಕಾಲ ಇಳಿಬಿಟ್ಟ ಕುಂಡರತಿದ್ರು. ತುಳಿಯೂ ಹಲಗಿ ಕೆಳಗ, ಮಗ್ಗ ಮ್ಯಾಲ. ನಮ್ಮಪ್ಪ ಜನ್ಮ ಪೂರಾ ಅದರಾಗ ಕುಂತ. ನಾನೂ ಮೀಸಿ ಬರೂಮಟ ಅದರಾಗ ಕುಂತೇನಿ. ಈ ಓಣ್ಯಾಗ ಕುಣಿ ಇಲ್ಲದ ಮನಿ ಒಂದೂ ಇರಲಿಲ್ಲ."

ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯಿತು. ಓಣಿಯ ಪ್ರತಿ ಮನೆಯಲ್ಲೂ ಕುಣಿ ಇತ್ತೆಂಬುದು ಅವನಿಗೆ ತನ್ನ ಹೆಸರಿನಷ್ಟೇ ಗೊತ್ತಿತ್ತು. ಎರಡು ಸಲ ಬಂದು ಈ ನುಣುಪು ನೆಲದ ಮೇಲೆ ನಿಂತಾಗ, ಇಲ್ಲಿದ್ದ ಕುಣಿ ಎಲ್ಲಿ ಹೋಯಿತು ಎಂದು ಮಾತ್ರ ಅವನು ಕೇಳಿರಲಿಲ್ಲ.

"ಒಂದ ಟೈಲ್ಸ್ ಎಬ್ಬಿಸಿ ನೋಡಬೇಕಾಗತೈತ್ರಿ ಕಾಕಾ," ಎಂದಳು ಸುಪ್ರೀತಾ ಪಾರ್ಶ್ವನಾಥನಿಗೆ. "ನೀವು ಹೂಂ ಅಂದ್ರ ಮಾತ್ರ. ಇನ್ನೂ ನಿಮ್ಮ ಮನಿ ಇದು."

ಪಾರ್ಶ್ವನಾಥ ತಾನೇ ಹೊರಗೆ ಹೋಗಿ ಭೀಮಶಿಯ ಶೆಡ್ಡಿನಿಂದ ಹಾರೆ ಇಸಿದುಕೊಂಡು ಬಂದ. ಬಿಳಿ ಅಂಗಿಯ ತೋಳು ಮಡಚಿದ.

ಟೈಲ್ಸ್ ಏಳುತ್ತಲೇ ಹಳಸಿದ ನೀರಿನ ವಾಸನೆ ಎದ್ದಿತು. ಯಾವ ಕಾಲದಲ್ಲೋ ಯಾರೋ ಕುಣಿಗೆ ಬೂದಿ, ಚಿಂದಿ, ನೂಲಿನ ಕಸ, ಒಡಕು ಹಂಚು ಹಾಕಿ ಮೇಲೆ ಮಣ್ಣು ಮುಚ್ಚಿದ್ದರು. ಅದೆಲ್ಲ ಕುಸಿದು ಒಂದು ಗೇಣು ಕೆಳಗೆ ಇಳಿದಿತ್ತು. ಟೈಲ್ಸು ಗಾಳಿಯ ಮೇಲೆ ಕುಳಿತಂತೆ ಕುಳಿತಿತ್ತು. ಸುಪ್ರೀತಾ ಮೊಣಕಾಲೂರಿ ಟಾರ್ಚು ಹಿಡಿದಳು. ಬಚ್ಚಲಿನ ಪೈಪು ಎಲ್ಲೋ ಸೋರಿ ಕಸವೆಲ್ಲ ನೆನೆದಿತ್ತು. ಕುಣಿಯ ಬದಿಯ ಮಣ್ಣು ಕರಗಿ, ಶೆಡ್ಡಿನ ಕಡೆಯ ಗೋಡೆಯ ಬುಡದ ಒಂದೆರಡು ಕಲ್ಲು ಹೊರಗೆ ಕಾಣುತ್ತಿದ್ದವು. ಮೇಲೆ ಹೊಸ ಸ್ಲ್ಯಾಬಿನ ಭಾರ, ಆಚೆಗೆ ಮಗ್ಗದ ಏಟು, ಕೆಳಗೆ ನೀರು.

"ಬೀಳತೈತೇನವಾ?" ಎಂದಳು ಕಸ್ತೂರೆವ್ವ.

"ಇವತ್ತ ಬೀಳೂದಿಲ್ರಿ ಕಾಕು. ಎರಡ ಮೂರ ಮಳಿಗಾಲ ಹೋದ್ರ ನೆಲ ಮೊದಲ ಕುಸೀತೈತಿ, ಆಮ್ಯಾಲ ಗ್ವಾಡಿ. ಒಲಿ ಮುಂದ ನಿಂದರಾಕಿ ನೀವು. ರಿಪೇರಿ ಆಗೂವಂಥಾದ್ದ ಐತಿ. ಆದ್ರ ಮಾಡಿದ ಮ್ಯಾಲ ಬಂದ ಇರ್ರಿ. ಬಂದ ಮ್ಯಾಲ ಮಾಡ್ತೀವಿ ಅನಬ್ಯಾಡ್ರಿ."

ಮುರಗೆಪ್ಪ ನೆಲದ ಮೇಲೆ ಕುಳಿತೇ ಇದ್ದ. ಸಿಟ್ಟು ಬರಬೇಕಿತ್ತು. ಹುಡುಕಿದ, ಬರಲಿಲ್ಲ. ಯಾರ ಮೇಲೆ ಬರಬೇಕು? ಬಗ್ಗಿ ಆ ಕಸದಲ್ಲಿ ಕೈಯಾಡಿಸಿದ. ನೂಲು ಹಾಯಿಸುವ ಅರ್ಧ ಕೊಳೆತ ಕಟ್ಟಿಗೆಯ ಲಾಳಿಯೊಂದು ಸಿಕ್ಕಿತು. ಒರೆಸಿ ಪಕ್ಕಕ್ಕಿಟ್ಟ.

ಪಾರ್ಶ್ವನಾಥ ಹಾರೆಯನ್ನು ಗೋಡೆಗೆ ಆನಿಸಿದ. ಅವನ ಮುಖ ಸಣ್ಣಗಾಗಿತ್ತು.

"ನನಗ ಗೊತ್ತಿದ್ದಿಲ್ಲ ಮುರಗ್ಯಾ. ನಾನೂ ತೊಗೊಳ್ಳಾಗ ನೋಡಿಲ್ಲ. ಅಮಾಸಿ ದಿನಾನ ಬಂದಿದ್ದೆ."

"ನನಗ ಗೊತ್ತಿತ್ತಲ್ಲೋ ಪಾರೀಸ. ಗೊತ್ತಿದ್ದೂ ಕೇಳಲಿಲ್ಲ. ನಿನಗಿಂತ ದೊಡ್ಡ ಕ್ವಾಣ ನಾ."

"ಇಬ್ಬರೂ ಒಂದ ಸಾಲಿ ಕಲತವ್ರಲ್ರಿ," ಎಂದಳು ಕಸ್ತೂರೆವ್ವ ಮೆಲ್ಲಗೆ. ಸುಪ್ರೀತಾ ಮುಖ ತಿರುಗಿಸಿ ನಕ್ಕಳು. ಪಾರ್ಶ್ವನಾಥನಿಗೂ ನಗು ತಡೆಯಲಿಲ್ಲ.

"ತಪ್ಪಿದ ಸೀರಿ ನಾ ಯಾವತ್ತೂ ಗಿರಾಕಿಗೆ ಮಾರಿಲ್ಲ," ಅಂದ ಅವನು. "ಇದನ್ನೂ ಮಾರೂದಿಲ್ಲ. ಈ ಹುಡುಗಿ ಹೇಳಿದಂಗ ದುರಸ್ತಿ ಮಾಡಸ್ತೇನಿ. ಆಮ್ಯಾಲ ಬೇಕಂದ್ರ ತೊಗೋರಿ, ಬ್ಯಾಡಂದ್ರ ಬ್ಯಾಡ. ಸಕ್ಕರಿ ಮಾತ ಬಿಡ್ರಿ."

ಸಂಚಕಾರ ಮುಂದೆ ಹೋಯಿತು. ಬಾಡಿಗೆ ಮನೆಯ ಮಾಲೀಕ ಖಾಲಿ ಮಾಡುವುದು ಯಾವಾಗ ಎಂದು ದಿನವೂ ಕೇಳಿ ಜೀವ ತಿಂದ. ಅಯ್ಯನವರು ಹೇಳಿದ ಮುಹೂರ್ತ ತಪ್ಪಿತು. ಮುರಗೆಪ್ಪ ಹಲ್ಲು ಕಚ್ಚಿ ತಾಳಿಕೊಂಡ. ಅವನಿಗೆ ಇದು ಹೊಸ ಅಭ್ಯಾಸ.

ಕುಣಿಯ ಕಸವನ್ನೆಲ್ಲ ಗಟ್ಟಿ ಮಣ್ಣು ಸಿಗುವವರೆಗೆ ತೆಗೆಸಿದರು. ಕಲ್ಲು ತುಂಬಿ ಬಡಿದು ಕಾಂಕ್ರೀಟು ಹಾಕಿದರು. ಗೋಡೆಯ ಬುಡವನ್ನು ಒಮ್ಮೆಲೇ ಬಿಚ್ಚದೆ, ಸ್ವಲ್ಪ ಸ್ವಲ್ಪವಾಗಿ ಕಟ್ಟಿ ಬಲಪಡಿಸಿದರು. ಪೈಪು ಹೊಸದಾಯಿತು. ಉಳಿದದ್ದು ಮಗ್ಗದ ಏಟು. ಮಗ್ಗದ ಕಾಲಿನ ಕೆಳಗೆ ದಪ್ಪ ರಬ್ಬರು ಹಾಕಿದರೆ ಅರ್ಧ ಏಟು ಅಲ್ಲೇ ಸಾಯುತ್ತದೆಂದು ಸುಪ್ರೀತಾ ಹೇಳಿದ್ದಳು. ಮುರಗೆಪ್ಪ ಹೋಗಿ ಭೀಮಶಿಯನ್ನು ಕೇಳಿದ.

"ನಿನ್ನ ಶೆಡ್ಡಿನ್ಯಾಗ ಹಾಕೀಯೇನೋ ಮಾವಾ ರಬ್ಬರ?" ಎಂದ ಭೀಮಶಿ. "ನಿನ್ನ ಗ್ವಾಡಿ ಹಿಂದ ಸಾತವ್ವನ ಮನಿ ಐತಿ. ಅಕಿ ಜ್ವಾಳದ ಡಬ್ಬಿ ಕುಣಿದು ಕುಣಿದು ಗ್ವಾಡಿ ಮಾಡದಿಂದ ಕೆಳಗ ಬೀಳತಾವಂತ."

ಮುರಗೆಪ್ಪ ಮೊದಲು ತನ್ನ ನಾಲ್ಕು ಮಗ್ಗಕ್ಕೆ ರಬ್ಬರು ಹಾಕಿಸಿದ. ಆಮೇಲೆ ಭೀಮಶಿಯೂ ಹಾಕಿಸಿದ.

ಕಸ್ತೂರೆವ್ವ ಅಷ್ಟಕ್ಕೂ ಬಿಡಲಿಲ್ಲ. ಸುಪ್ರೀತಾಳನ್ನು ಮತ್ತೆ ಕರೆಸಿದಳು. ಮತ್ತೆ ಮಗ್ಗ ನಡೆಯುವ ದಿನವೇ. ಕೋಲು ಕಿಟಕಿಯ ಕೆಳಗೂ ಟಕ್ ಟಕ್ ಎಂದಿತು. ತಾಟಿನ ನೀರು ಸಣ್ಣಗೆ ನಡುಗಿತು, ಬಳೆ ಏಳಲಿಲ್ಲ. ಮಗ್ಗದ ಊರಲ್ಲಿ ಇಷ್ಟು ಇದ್ದೇ ಇರುತ್ತದೆ ಎಂದಳು ಹುಡುಗಿ. ಅವಳು ಸ್ಕೂಟಿ ಹತ್ತುವಾಗ ಪಾರ್ಶ್ವನಾಥ ಹತ್ತಿರ ಹೋಗಿ, ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ.

"ಜಮಖಂಡ್ಯಾಗ ಮಗಳಿಗೊಂದ ಮನಿ ನೋಡೇನಿ ತಂಗಿ. ಯಾವಾಗ ಬರ್ತಿ?"

ಕಾಗದ ಮುಗಿದು, ಹಾಲು ಉಕ್ಕಿಸುವ ದಿನ ಮನೆ ತುಂಬ ಜನ. ಶೈಲಾ ಮುಧೋಳದಿಂದ ಬಂದವಳು ಬಾಗಿಲುಗಳನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡುತ್ತಿದ್ದಳು. ಒಂದು ಕೈಯಲ್ಲಿ ಮುಚ್ಚುವ ಬಾಗಿಲು ಕಂಡು ಅವಳ ಕಣ್ಣು ತುಂಬಿತು. ಬಂದವರೆಲ್ಲ ಬಾಗಿಲ ದಿಕ್ಕು ಕೇಳಿದರೆ, ಮುರಗೆಪ್ಪ ಅವರನ್ನು ಅಡುಗೆಮನೆಗೆ ಕರೆದೊಯ್ದು ಕಿಟಕಿಯ ಕೆಳಗೆ ಹಿಮ್ಮಡಿಯಿಂದ ಒದ್ದು ತೋರಿಸುತ್ತಿದ್ದ.

"ಕೇಳ್ರಿ. ಕೇಳಸ್ತೇನ? ಗಟ್ಟಿ!"

ಅಪ್ಪನ ಫೋಟೊ ಮುಂದಿನ ಕೋಣೆಯ ಗೋಡೆಯ ಮೇಲಿತ್ತು. ಅದರ ಕೆಳಗಿನ ಗೂಡಿನಲ್ಲಿ ಆ ಅರ್ಧ ಕೊಳೆತ ಲಾಳಿ ಇತ್ತು. ಗೋಡೆಯಾಚೆ ಮಗ್ಗಗಳು ಓಡುತ್ತಲೇ ಇದ್ದವು. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು.

ಪಾರ್ಶ್ವನಾಥ ಹೆಂಡತಿಯೊಡನೆ ಬಂದು, ಕಸ್ತೂರೆವ್ವನ ಕೈಗೆ ಒಂದು ಸೀರೆ ಕೊಟ್ಟ. ಅವಳು ಕಣ್ಣಿಗೊತ್ತಿಕೊಂಡಳು. ಆಮೇಲೆ ನೆರೆದ ಜನರ ನಡುವೆಯೇ ಮಡಿಕೆ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದಳು. ಕೊಟ್ಟ ಉಡುಗೊರೆಯನ್ನು ಕೊಟ್ಟವರ ಮುಂದೆಯೇ ಯಾರಾದರೂ ಹೀಗೆ ನೋಡುವುದುಂಟೇ? ಎಲ್ಲರೂ ಮುರಗೆಪ್ಪನ ಮುಖ ನೋಡಿದರು, ಈಗ ಕೂಗುತ್ತಾನೆ ಎಂದು.

ಮುರಗೆಪ್ಪ ಹೆಂಡತಿಯ ಪಕ್ಕಕ್ಕೆ ಬಂದು ನಿಂತ. ಸೀರೆಯ ಇನ್ನೊಂದು ತುದಿಯನ್ನು ತಾನು ಹಿಡಿದುಕೊಂಡ.

"ಅವಸರ ಮಾಡಬ್ಯಾಡ," ಅಂದ. "ಸೆರಗೂ ನೋಡು."